ದರ್ಜಿಯ ಎರಡು ಸೂಜಿ

ಎಲ್ಲಕ್ಕೂ ಕಾರಣ ದಪ್ಪ ಬಟ್ಟೆಯ ಒಂದು ಪ್ಯಾಂಟು. ಅದನ್ನು ಹೊಲಿಯುವಾಗ ದರ್ಜಿಯ ಮಿಷನ್ನಿನ ಸೂಜಿ ಮುರಿಯಿತು. ಬೇರೆ ಹಾಕಿದರೆ ಅದೂ ಮುರಿಯಿತು. ಅದೇ ಹೊತ್ತಿಗೆ ಹೆಂಡತಿ ಅಡುಗೆಮನೆಯಿಂದ ಕೂಗಿದಳು.

“ರೀ, ಸೂಜಿ ಆಯ್ತಾ?”

“ಆಯ್ತು ಕಣೇ, ಇವತ್ತಿಗೆ ಎರಡಾಯ್ತು!”

ಅವಳು ಕೇಳಿದ್ದು ಕೊರೋನಾ ಲಸಿಕೆಯ ಮಾತು. ಸಂಜೆಯೊಳಗೆ ದರ್ಜಿ ಎರಡೂ ಡೋಸ್ ಮುಗಿಸಿದ ಧೀರನೆಂದು ಬೀದಿಗೆಲ್ಲ ಗೊತ್ತಾಯಿತು. ತಿದ್ದಲು ಅವನು ಬಾಯಿ ತೆರೆದ. ತಿದ್ದಿದರೆ ಚುಚ್ಚಿಸಿಕೊಳ್ಳಬೇಕಾಗುತ್ತದೆ ಎಂದು ಹೊಳೆದು ಮುಚ್ಚಿಕೊಂಡ. ದಿನವಿಡೀ ಸೂಜಿಯ ಜೊತೆ ಬಾಳುವ ಮನುಷ್ಯ, ತನ್ನ ಕಡೆ ಮುಖ ಮಾಡಿದ ಸೂಜಿ ಕಂಡರೆ ಮಾತ್ರ ಒದ್ದೆ ಬಟ್ಟೆಯಂತೆ ಜೋತುಬೀಳುತ್ತಿದ್ದ.

ಇದೆಲ್ಲ ಆಗಿ ಕೆಲವು ತಿಂಗಳು ಕಳೆದಿದ್ದವು. ಒಂದು ದಿನ ಬೆಳಿಗ್ಗೆ ಹಾಲು ತರಲು ಹೋದ ಹೆಂಡತಿ ಹಾಲಿನ ಜೊತೆ ಸುದ್ದಿಯನ್ನೂ ತಂದಳು.

“ಇಸ್ತ್ರಿಯಣ್ಣಂಗೂ ಕ್ಷೌರದಂಗಡಿ ಅಣ್ಣಂಗೂ ಕೊರೋನಾ ಅಂತೆ ರೀ. ಇಸ್ತ್ರಿಯಣ್ಣಂಗೆ ಎರಡೂ ಡೋಸ್ ಆಗಿತ್ತಲ್ಲ, ಸ್ವಲ್ಪ ದಿನ ಕೆಮ್ಮಿದ, ಈಗ ಕಿಟಕಿ ಹತ್ರ ನಿಂತು ಹಾಡ್ತಿದಾನೆ. ಪಾಪ, ಕ್ಷೌರದಣ್ಣ ಒಂದೂ ಹಾಕಿಸ್ಕೊಂಡಿರ್ಲಿಲ್ಲ. ಆಸ್ಪತ್ರೇಲಿ ಆಕ್ಸಿಜನ್ ಹಾಕಿದಾರಂತೆ. ಫೋನಲ್ಲಿ ಹೆಂಡ್ತಿ ಹೆಸರು ಹೇಳೋಕೂ ಉಸಿರು ಸಾಲ್ತಿಲ್ವಂತೆ.”

“ಲಸಿಕೆ ಹಾಕಿಸ್ಕೊಂಡೋನಿಗೂ ಬಂತಲ್ಲ?” ದರ್ಜಿ ಆಸೆಯಿಂದ ಕೇಳಿದ.

“ಬರುತ್ತೆ ರೀ. ಆದ್ರೆ ಬಂದ್ರೂ ಸಾಮಾನ್ಯವಾಗಿ ಅಷ್ಟು ಜೋರಾಗಿರಲ್ಲ ಅಂತ ನರ್ಸಮ್ಮ ಹೇಳ್ತಿದ್ರು. ನಿಮಗೇನು ಬಿಡಿ, ಕೋಟೆ ಕಟ್ಕೊಂಡಿದೀರ!”

ಆ ಕೋಟೆಗೆ ಒಂದು ಕಲ್ಲೂ ಇಟ್ಟಿಲ್ಲವೆಂದು ಗೊತ್ತಿದ್ದವನು ದರ್ಜಿಯೊಬ್ಬನೇ. ಕ್ಷೌರದವನೂ ತಾನೂ ಒಂದೇ ವಯಸ್ಸಿನವರು. ತನಗೂ ಹಾಗೇ ಆದರೆ? ಫೋನು ಕಿವಿಗೊತ್ತಿಕೊಂಡು ಆಸ್ಪತ್ರೆಯ ಬಾಗಿಲಲ್ಲಿ ನಿಂತ ಕ್ಷೌರದವನ ಹೆಂಡತಿಗೆ ಅವನ ಮನಸ್ಸು ತನ್ನ ಹೆಂಡತಿಯ ಮುಖ ಹೊಲಿದುಬಿಟ್ಟಿತು. ಟೇಪನ್ನು ಎದೆಗೆ ಸುತ್ತಿ, ಉಸಿರೆಳೆದು ಅಳತೆ ನೋಡಿದ. ನಿನ್ನೆಗಿಂತ ಕಮ್ಮಿ ಅನಿಸಿತು. ನಿನ್ನೆ ಅಳೆದೇ ಇರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ರವಿಕೆ ಒಯ್ಯಲು ಬಂದ ಮಹಡಿಮನೆ ಅಜ್ಜಿ ಅದನ್ನು ಬಿಡಿಸಿ ನೋಡಿದರು. ತೋಳು ಕತ್ತಿನ ಜಾಗದಲ್ಲಿತ್ತು.

“ಇದನ್ನ ನನಗೆ ಹೊಲ್ದೆಯೋ, ಆನೆಗೋ?”

ಬಿಚ್ಚಿ ಸರಿಮಾಡಲು ಕೂತರೆ ಮಿಷನ್ನಿನ ಸೂಜಿ ಟಕ್ಕೆಂದು ಮುರಿಯಿತು. ದರ್ಜಿ ಎದ್ದ. “ಗುಂಡಿ ತರ್ತೀನಿ ಕಣೇ” ಎಂದು ಕೂಗಿ, ಗುಂಡಿ ಅಂಗಡಿಯ ಮುಂದೆಯೇ ಹಾದು ಆರೋಗ್ಯ ಕೇಂದ್ರಕ್ಕೆ ಓಡಿದ.

“ಮೊದಲನೇದಾ? ಇಷ್ಟು ದಿನ ಎಲ್ಲಿದ್ರಿ?” ಎಂದಳು ನರ್ಸಮ್ಮ.

ಅವನು ಕಣ್ಣು ಬಿಗಿಯಾಗಿ ಮುಚ್ಚಿದ. “ಚುಚ್ಚೋಕೆ ಮುಂಚೆ ಹೇಳಿ ತಾಯಿ.”

“ಚುಚ್ಚಿ ಆಯ್ತಲ್ಲ.”

ಅದನ್ನು ಕೇಳಿದ ಮೇಲೆ ಅವನು ಕುರ್ಚಿಯಿಂದ ಜಾರಿ ನೆಲಕ್ಕಿಳಿದ. ಮುಖಕ್ಕೆ ನೀರು ಚಿಮುಕಿಸಿ ನರ್ಸಮ್ಮ ಹೇಳಿದಳು, “ಸ್ವಲ್ಪ ಜ್ವರ ಬರಬಹುದು, ಹೆದರ್ಬೇಡಿ. ಎರಡನೇದಕ್ಕೆ ತಪ್ಪಿಸ್ಕೊಂಡೀರಿ ಮತ್ತೆ!”

ಸಂಜೆಗೆ ಜ್ವರ ಬಂತು. ಹೆಂಡತಿ ಹಣೆ ಮುಟ್ಟಿ, ಮುಟ್ಟಿದ ಕೈಯನ್ನೇ ದಿಟ್ಟಿಸಿದಳು. “ಅಯ್ಯೋ, ಬಂದೇಬಿಡ್ತು ಕೊರೋನಾ!”

ಮರುಕ್ಷಣದಲ್ಲಿ ದರ್ಜಿ ಬಟ್ಟೆ ಗಂಟುಗಳ ಕೋಣೆಯಲ್ಲಿದ್ದ. ಊಟದ ತಟ್ಟೆ ಗಜಕೋಲಿನ ತುದಿಯಿಂದ ಒಳಗೆ ಸರಿದು ಬಂತು. ಕಿಟಕಿಯಾಚೆ ಬೀದಿಯೇ ನೆರೆದಿತ್ತು.

“ನೋಡ್ರಪ್ಪಾ,” ಅಜ್ಜಿ ತೋರಿಸುತ್ತಿದ್ದರು, “ಎರಡೂ ಹಾಕಿಸ್ಕೊಂಡೋನು! ಕೊರೋನಾ ಬಂದ್ರೂ ಅಳಿಯನ ಹಾಗೆ ಕೂತು ಉಣ್ತಿದಾನೆ!”

ಇದು ಸೂಜಿಯ ಜ್ವರ ಎನ್ನೋಣವೆಂದರೆ, ಸೂಜಿ ಹಾಕಿಸಿದ್ದು ಇವತ್ತು ಎನ್ನಬೇಕು. ದರ್ಜಿ ಅನ್ನವನ್ನೂ ಮಾತನ್ನೂ ಒಟ್ಟಿಗೆ ನುಂಗಿದ.

ಹೆಂಡತಿಯ ಫೋನಿಗೆ ಓಗೊಟ್ಟು ಬಂದವಳು ಅದೇ ನರ್ಸಮ್ಮ! ಮೂಗಿಗೆ ಕಡ್ಡಿ ಹಾಕಿ, ಪರೀಕ್ಷೆ ಮಾಡಿ, ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು, “ಇದರಲ್ಲಿ ಕೊರೋನಾ ತೋರಿಸ್ತಿಲ್ಲ. ಬೆಳಿಗ್ಗೆ ಸೂಜಿ ಹಾಕಿದ್ನಲ್ಲ, ಆ ಜ್ವರ ಇರ್ಬೇಕು.”

ದರ್ಜಿ ಕಣ್ಣು ಮುಚ್ಚಿದ.

“ಬೆಳಿಗ್ಗೆನಾ?” ಹೆಂಡತಿ ಬೆರಳು ಮಡಿಸಿ ಎಣಿಸಿದಳು. “ಅಂದ್ರೆ... ಮೂರನೇದು! ಯಾರಿಗೂ ಹೇಳ್ದೆ ಮೂರನೇದೂ ಹಾಕಿಸ್ಕೊಂಡು ಬಂದಿದಾರೆ!”

ನರ್ಸಮ್ಮ ಬಾಯಿ ತೆರೆಯುವಷ್ಟರಲ್ಲಿ ದರ್ಜಿ ಹೆಂಡತಿಯ ಬೆನ್ನ ಹಿಂದಿನಿಂದ ಕೈ ಮುಗಿದ. ಮಾಸ್ಕಿನ ಮೇಲಿದ್ದ ನರ್ಸಮ್ಮನ ಕಣ್ಣು ನಕ್ಕಿತು.

“ಇಂಥೋರೇ ಬೇಕು ನಮಗೆ. ಮುಂದಿನ ತಿಂಗಳು ಈ ಬೀದೀಲೇ ಲಸಿಕೆ ಹಾಕ್ತೀವಿ. ಇನ್ನೂ ಹೆದರ್ಕೊಂಡು ಕೂತೋರಿಗೆ ಧೈರ್ಯ ಬರ್ಬೇಕಲ್ಲ, ಮೊದಲು ಇವರೇ ಕೂರ್ಲಿ. ಎಲ್ಲರೆದುರಿಗೆ. ಕಣ್ಣು ಬಿಟ್ಕೊಂಡು.”

ಚಪ್ಪಾಳೆ ಬಿತ್ತು. ಮಾತು ಬದಲಿಸಲು ದರ್ಜಿ ತೊದಲಿದ, “ಅಜ್ಜೀ, ರವಿಕೆ... ಮಿಷನ್ನಿಂದು ಮುರಿದೋಗಿದೆ... ನಾಳೆ ಒಂದು ಸೂಜಿ ಹಾಕಿ...”

ಚಪ್ಪಾಳೆಯ ಗದ್ದಲದಲ್ಲಿ ಹೆಂಡತಿಗೆ ಕೇಳಿಸಿದ್ದು ಕೊನೆಯ ಮಾತಷ್ಟೇ. ಸೆರಗಿನಿಂದ ಕಣ್ಣೊರೆಸಿಕೊಂಡು ಅವಳು ಬೀದಿಯ ಕಡೆ ತಿರುಗಿದಳು.

“ಕೇಳಿದ್ರಾ? ನಾಳೆನೂ ಒಂದು ಬೇಕಂತೆ!”