ಖಾಸಗಿ ವಾಹನ, ಸಾರ್ವಜನಿಕ ಅವಮಾನ

“ಈ ಸಲ ನೀನು ಒಂದು ಕಡ್ಡಿಯನ್ನೂ ಅಲ್ಲಿಂದೆತ್ತಿ ಇಲ್ಲಿಡಬೇಕಾಗಿಲ್ಲ. ಎಲ್ಲಾನೂ ನಾನು ನೋಡ್ಕೋತೀನಿ!”

ಫೆಬ್ರವರಿಯ ಒಂದು ಭಾನುವಾರ ತೊಲುಕಾ ಪಟ್ಟಣದ ನಮ್ಮ ಅಡುಗೆಮನೆಯಲ್ಲಿ ನಿಂತು, ಎಡಗೈಯನ್ನು ಸೊಂಟಕ್ಕಿಟ್ಟು, ಬಲಗೈಯಲ್ಲಿ ಕಾಫಿ ಲೋಟ ಎತ್ತಿ ಹಿಡಿದು ನಾನು ಈ ರಾಜಾಜ್ಞೆ ಹೊರಡಿಸಿದೆ. ಆ ಕಾಫಿ ಮಾಡಿಕೊಟ್ಟವಳೂ ಅಂಪಾರೊ, ಅಂದರೆ ನನ್ನ ಹೆಂಡತಿಯೇ, ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಆಜ್ಞೆಗೆ ಕಾರಣವಿತ್ತು. ನನ್ನ ಅತ್ತೆ, ಎಲ್ಲರೂ ಗೌರವದಿಂದ ‘ದೊನ್ಯಾ’ ಕುಕಾ ಎನ್ನುತ್ತಿದ್ದವರು, ಪಾರ್ಶ್ವವಾಯು ಬಡಿದು ಹನ್ನೊಂದು ವರ್ಷ ನಮ್ಮ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಅಂಪಾರೊ ಅಂಚೆ ಕಚೇರಿಯ ಕೆಲಸ ಬಿಟ್ಟಳು. ತಾಯಿಗೆ ಉಣ್ಣಿಸಿದಳು, ಮೈ ಒರೆಸಿದಳು, ಬೆನ್ನು ಹುಣ್ಣಾಗದ ಹಾಗೆ ಮೂರು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿದಳು. ಜನವರಿಯಲ್ಲಿ ಅತ್ತೆ ತೀರಿಕೊಂಡರು. ಅಂಪಾರೊ ಅಳಲಿಲ್ಲ. ಬಂದವರಿಗೆಲ್ಲ ಕಾಫಿ, ಬ್ರೆಡ್ಡು ಕೊಟ್ಟಳು, ಲೋಟ ತೊಳೆದಳು, ಹೂವಿನ ಕಸ ಗುಡಿಸಿದಳು. ಆಮೇಲೂ ಹೊತ್ತು ಹೊತ್ತಿಗೆ ಸರಿಯಾಗಿ ಎದ್ದು ಆ ಕೋಣೆಯ ಬಾಗಿಲತನಕ ಹೋಗುತ್ತಿದ್ದಳು. ಖಾಲಿ ಮಂಚ ನೋಡಿ, ಏನೋ ಮರೆತವಳ ಹಾಗೆ ಹಿಂತಿರುಗುತ್ತಿದ್ದಳು.

ನಾನು ಪ್ರೌಢಶಾಲೆಯಲ್ಲಿ ಮೂವತ್ನಾಲ್ಕು ವರ್ಷದಿಂದ ಭೂಗೋಳ ಹೇಳಿಕೊಡುವವನು. ಮನಸ್ಸಿನ ವಿಷಯ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವ ಒಂದೇ ಔಷಧ ಸ್ಥಳ ಬದಲಾವಣೆ. ಈಸ್ಟರ್ ರಜೆಗೆ ಸಮುದ್ರ! ಐದು ದಿನ! ಆ ಐದು ದಿನ ಅವಳು ಯಾರ ಚಾಕರಿಯನ್ನೂ ಮಾಡಕೂಡದು!

ಮಸುಂತೆ ಎಂಬ ಪುಟ್ಟ ಕಡಲೂರಿನಲ್ಲಿ ಒಂದು ಕೋಣೆ ಗೊತ್ತುಮಾಡಿದೆ. ವಿಮಾನ ನಿಲ್ದಾಣದಿಂದ ಅಲ್ಲಿಗೆ ಹೋಗಲು ವಾಹನ ಬೇಕಲ್ಲ? ಸಾಮಾನ್ಯ ವಾಹನವೇ? ಛೆ! ಖಾಸಗಿ ವಾಹನ! ಎಂಥ ಪದ! ‘ಖಾಸಗಿ’ ಎಂದು ನಾಲ್ಕು ಸಲ ಬಾಯಲ್ಲಿ ಆಡಿಸಿಕೊಂಡೆ. ನಾವು ವಿಮಾನದಿಂದ ಇಳಿಯುತ್ತೇವೆ, ಹೆಸರು ಬರೆದ ಬೋರ್ಡು ಹಿಡಿದು ಒಬ್ಬರು ಕಾದಿರುತ್ತಾರೆ, ಬಾಗಿಲು ತೆರೆಯುತ್ತದೆ, ತಂಪು ಗಾಳಿ ಬೀಸುತ್ತದೆ. ಯಾರ ಗದ್ದಲವೂ ಇಲ್ಲ. ನನ್ನ ಅಂಪಾರೊ ಮಹಾರಾಣಿಯ ಹಾಗೆ ಕಣ್ಣು ಮುಚ್ಚಿ ಒರಗುತ್ತಾಳೆ. ಈ ಚಿತ್ರ ಎಷ್ಟು ಹಿಡಿಸಿತೆಂದರೆ ವಿಮಾನದ ಟಿಕೆಟ್ಟಿಗೂ ಮೊದಲೇ ವಾಹನ ಬುಕ್ ಮಾಡಿಬಿಟ್ಟೆ.

ಈಗ ನನ್ನ ಶಾಸ್ತ್ರದ ಒಂದು ಸಣ್ಣ ಪಾಠ ಹೇಳಲೇಬೇಕು. ಮಸುಂತೆ ಎರಡು ವಿಮಾನ ನಿಲ್ದಾಣಗಳ ನಡುವೆ ಇದೆ. ಪೂರ್ವಕ್ಕೆ ವಾತುಲ್ಕೊ, ಪಶ್ಚಿಮಕ್ಕೆ ಪ್ವೆರ್ತೊ ಎಸ್ಕೊಂದಿದೊ. ನಾನು ವಾಹನ ಗೊತ್ತುಮಾಡಿದ್ದು ಎಸ್ಕೊಂದಿದೊದಿಂದ. ಮೂರು ವಾರ ಕಳೆದು ಟಿಕೆಟ್ ತೆಗೆಯಲು ಕೂತರೆ ಅಲ್ಲಿಗೆ ಹೋಗುವ ವಿಮಾನಗಳೆಲ್ಲ ಭರ್ತಿ! ಹೆದರುವ ಗಿರಾಕಿಯೇ ನಾನು? ಥಟ್ಟನೆ ವಾತುಲ್ಕೊಗೆ ಎರಡು ಟಿಕೆಟ್ ತೆಗೆದೆ, ನನ್ನ ಜಾಣ್ಮೆಗೆ ನಾನೇ ತಲೆದೂಗಿದೆ. ವಾಹನದ ನೆನಪೇ ಆಗಲಿಲ್ಲ.

ಹೊರಡುವ ಹಿಂದಿನ ದಿನ ಅಂಪಾರೊ ಕೇಳಿದಳು. ಎರಿಬೆರ್ತೊ ಎಂಬ ನನ್ನ ಹೆಸರು ಅವಳ ಬಾಯಲ್ಲಿ ಬೆತೊ.

“ಬೆತೊ, ಗಾಡಿಯವರಿಗೆ ವಿಮಾನದ ವಿವರ ಎಲ್ಲಾ ತಿಳಿಸಿದೀಯಾ?”

“ಅಂಪಾರೊ, ಸಾವಿರಾರು ಮಕ್ಕಳಿಗೆ ನಕ್ಷೆ ಓದೋಕೆ ಕಲಿಸಿದೋನು ನಾನು.”

“ನಾನು ನಕ್ಷೆ ಕೇಳಲಿಲ್ಲ. ಮೆಸೇಜು ಕಳಿಸಿದೀಯಾ ಅಂತ ಕೇಳಿದೆ.”

ಕಳಿಸಿದೆ. ‘ನಾಳೆ ಹನ್ನೊಂದೂವರೆಗೆ ಇಳಿಯುತ್ತೇವೆ’ ಎಂದು. ಎಲ್ಲಿ ಇಳಿಯುತ್ತೇವೆ ಎಂದು ಬರೆಯಲಿಲ್ಲ. ‘ಕಾದಿರುತ್ತೇನೆ’ ಎಂದು ಫ್ಲೊರಿನಾ ಎಂಬ ಚಾಲಕಿಯ ಉತ್ತರ ಬಂತು.

ಹನ್ನೊಂದೂವರೆಗೆ ಸರಿಯಾಗಿ ವಾತುಲ್ಕೊದಲ್ಲಿ ಇಳಿದೆವು. ಬಾಗಿಲಲ್ಲಿ ಹತ್ತಿಪ್ಪತ್ತು ಬೋರ್ಡುಗಳು. ಯಾವುದರಲ್ಲೂ ನನ್ನ ಹೆಸರಿಲ್ಲ. ಎರಡು ಸಲ ಅತ್ತಿಂದಿತ್ತ ನಡೆದು, ಬೋರ್ಡು ಹಿಡಿದವರಿಗೆಲ್ಲ ನನ್ನ ಮುಖ ತೋರಿಸಿದೆ. ಯಾರಿಗೂ ಬೇಡವಾಯಿತು. ಫೋನು ಮಾಡಿದೆ.

“ಫ್ಲೊರಿನಾ ಅವರೇ, ನಾನು ಪ್ರೊಫೆಸರ್ ಎರಿಬೆರ್ತೊ ಸಾಲ್ಗಾದೊ. ಎಲ್ಲಿದೀರಿ?”

“ಬಾಗಿಲಲ್ಲೇ ಇದೀನಿ ಮೇಷ್ಟ್ರೇ. ನಿಮ್ಮ ಬೋರ್ಡು ಹಿಡ್ಕೊಂಡು.”

“ಬಾಗಿಲಲ್ಲಿ ನಾನಿದೀನಿ. ನೀವಿಲ್ಲ!”

“ಹಳದಿ ಅಂಗಿ ಹಾಕಿದೀನಿ ನೋಡಿ. ಕಾಫಿ ಅಂಗಡಿ ಪಕ್ಕ.”

“ಕಾಫಿ ಅಂಗಡಿ ಪಕ್ಕ ಒಬ್ಬ ದಪ್ಪ ಮನುಷ್ಯ ಇದಾನೆ, ಅಷ್ಟೇ!”

“ಇಲ್ಲಿ ದಪ್ಪಗಿರೋರು ಯಾರೂ ಇಲ್ವಲ್ಲ ಮೇಷ್ಟ್ರೇ...”

ಅಷ್ಟು ಹೊತ್ತಿಗೆ ಆ ದಪ್ಪ ಮನುಷ್ಯ ನನ್ನ ಕಡೆ ತಿರುಗಿದ್ದ. ನನ್ನ ದನಿ ತರಗತಿಯ ಕೊನೆಯ ಬೆಂಚಿಗೆ ಕೇಳುವಷ್ಟು ಏರಿತ್ತು. ಇದು ಮೋಸ ಎಂದೆ. ಸಭ್ಯರಿಗೆ ಇದು ತಕ್ಕ ಕೆಲಸವಲ್ಲ ಎಂದೆ. ಎಲ್ಲಿ ನಿಂತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತು, ಭೂಗೋಳ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದೆ. ಜೊತೆಗೆ ಇಳಿದ ಪ್ರಯಾಣಿಕರು ಒಬ್ಬೊಬ್ಬರಾಗಿ ಟ್ಯಾಕ್ಸಿ ಹಿಡಿದು ಹೋಗುತ್ತಿದ್ದರು. ನಾನು ಭಾಷಣ ನಿಲ್ಲಿಸಲಿಲ್ಲ.

ಫ್ಲೊರಿನಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

“ಕೋಪ ಮಾಡ್ಕೋಬೇಡಿ ಮೇಷ್ಟ್ರೇ. ನಿಮ್ಮ ತಲೆ ಮೇಲೆ ಗೋಡೇಲಿ ದೊಡ್ಡದಾಗಿ ಏನೋ ಬರೆದಿರುತ್ತೆ. ಅದನ್ನೊಂಚೂರು ಓದ್ತೀರಾ?”

ತಲೆಯೆತ್ತಿದೆ. ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದೆ.

“ವಾತುಲ್ಕೊಗೆ ಸುಸ್ವಾಗತ.”

ಎಸ್ಕೊಂದಿದೊ ಎಂದರೆ ನಮ್ಮ ಭಾಷೆಯಲ್ಲಿ ‘ಅಡಗಿದ್ದು’ ಎಂದರ್ಥ. ಆ ಹೆಂಗಸು ಅಡಗಿರಲಿಲ್ಲ. ನನ್ನ ಬುದ್ಧಿ ಅಡಗಿತ್ತು! ದಪ್ಪ ಮನುಷ್ಯ ದೊಡ್ಡ ಮನಸ್ಸು ಮಾಡಿ ಬೇರೆ ಕಡೆ ನೋಡಿದ.

“ನಾನು ಅಲ್ಲಿಗೆ ಬರ್ತೀನಿ ಮೇಷ್ಟ್ರೇ, ಎರಡು ಗಂಟೆ ಆಗುತ್ತೆ” ಎಂದರು ಫ್ಲೊರಿನಾ.

ಅಂಪಾರೊಳ ಕಡೆ ತಿರುಗಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಬೈಗುಳ ಸಿಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ! ಸೂಟ್‌ಕೇಸಿನ ಮೇಲೆ ಕೂತಿದ್ದ ಅವಳು ನನ್ನ ಮುಖ ನೋಡಿದಳು. ಹಾಸಿಗೆ ಒದ್ದೆಯಾಗಿ ನಾಚಿಕೊಂಡ ತಾಯಿಯನ್ನು ನೋಡುತ್ತಿದ್ದಳಲ್ಲ, ಅದೇ ನೋಟ.

“ಪರವಾಗಿಲ್ಲ ಬಿಡು. ನಾನು ನೋಡ್ಕೋತೀನಿ.”

ಈ ಮಾತನ್ನು ಅವಳ ಬಾಯಿಂದ ಕೇಳಬಾರದು ಎಂದೇ ಅಲ್ಲವೇ ನಾನು ಇಷ್ಟೆಲ್ಲ ಮಾಡಿದ್ದು! ಇಳಿದು ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

“ಎರಡು ಗಂಟೆ ಕಾದರಾಯ್ತು ಅಂಪಾರೊ. ನೀನು ಒರಗಿಕೋ” ಎಂದೆ.

“ಇನ್ನು ಕಾಯೋಕೆ ನನ್ನ ಕೈಲಿ ಆಗಲ್ಲ ಬೆತೊ” ಎಂದಳು. ಸಿಟ್ಟಿನಿಂದಲ್ಲ. ತೀರ ಸಣ್ಣ ದನಿಯಲ್ಲಿ. ಎದ್ದು ಹೋಗಿ ನೆಲ ಒರೆಸುತ್ತಿದ್ದ ಹೆಂಗಸನ್ನು ದಾರಿ ಕೇಳಿದಳು. ಹೊರಗಿನ ಹೆದ್ದಾರಿಯಲ್ಲಿ ಪೊಚುತ್ಲಾಗೆ ಬಸ್ಸು ಸಿಗುತ್ತದೆ, ಅಲ್ಲಿಂದ ಮಸುಂತೆಗೆ ಟ್ರಕ್ಕು. ಒಂದು ಸೂಟ್‌ಕೇಸು ಎತ್ತಿಕೊಂಡು ನಡೆದೇಬಿಟ್ಟಳು. ಫ್ಲೊರಿನಾರಿಗೆ ಫೋನಿನಲ್ಲಿ ‘ಬರಬೇಡಿ’ ಎಂದು ಹೇಳಿ, ಮಿಕ್ಕ ಎರಡನ್ನು ಎಳೆದುಕೊಂಡು ನಾನು ಹಿಂದೆ ಓಡಿದೆ.

ಪೊಚುತ್ಲಾದ ಟ್ರಕ್ಕೆಂದರೆ ಹಿಂದುಗಡೆ ಎರಡು ಉದ್ದ ಹಲಗೆ, ಮೇಲೆ ತಾಡಪಾಲು. ಹನ್ನೆರಡು ಮಂದಿ ಕೂರುವ ಜಾಗದಲ್ಲಿ ಹತ್ತೊಂಬತ್ತು ಮಂದಿ, ಎರಡು ಗ್ಯಾಸ್ ಸಿಲಿಂಡರು, ಒಂದು ಟರ್ಕಿ ಕೋಳಿ. ಅಂಪಾರೊಗೆ ಕೂರಲು ಜಾಗ ಮಾಡಿಕೊಟ್ಟರು. ನನಗೆ ಹಿಂಬದಿಯ ಪಟ್ಟಿಯ ಮೇಲೆ ನಿಂತು ಕಂಬಿ ಹಿಡಿಯುವ ಭಾಗ್ಯ. ಮೂರನೆಯ ತಿರುವಿನಲ್ಲಿ ನನ್ನ ಹೊಸ ಟೋಪಿ ಹಾರಿಹೋಯಿತು.

ಅಂಪಾರೊಳ ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದರು. ಹೆಸರು ದೊನ್ಯಾ ತೊಮಾಸಾ. ಸಂತೆಯಿಂದ ಬರುತ್ತಿದ್ದರು, ಮಡಿಲಲ್ಲಿ ಟೊಮೇಟೊ ಚೀಲ, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಇಳಿಜಾರಿನಲ್ಲಿ ಟ್ರಕ್ಕು ಹೊರಳಿದಾಗ ಅವರು ಜಾರಿದರು. ಅಂಪಾರೊಳ ಕೈ ತಾನಾಗಿಯೇ ಹೋಗಿ ಅವರ ಬೆನ್ನ ಹಿಂದೆ ಸೇರಿತು. ಅಂಗೈ ಭುಜದ ಮೂಳೆಯ ಕೆಳಗೆ, ಬೆರಳು ಅಗಲಿಸಿ. ಹನ್ನೊಂದು ವರ್ಷ ನಾನು ಬಾಗಿಲಲ್ಲಿ ನಿಂತು ನೋಡಿದ್ದ ಹಿಡಿತ ಅದು.

ಟ್ರಕ್ಕು ನೆಟ್ಟಗಾಯಿತು. ಅವಳು ಕೈ ತೆಗೆಯಲಿಲ್ಲ.

“ಯಾರನ್ನ ನೋಡ್ಕೋತಿದ್ದೆ ಮಗಳೇ?” ಎಂದರು ಮುದುಕಿ.

“ನಮ್ಮಮ್ಮನ್ನ.”

“ಹೋದರಾ?”

“ಜನವರೀಲಿ” ಎಂದಳು ಅಂಪಾರೊ. ಅಷ್ಟೇ. ಆಮೇಲೆ ಅಳು ಬಂತು. ಎಂಥ ಅಳು! ಎಂಜಿನ್ನಿನ ಸದ್ದಿಗಿಂತ ಜೋರಾಗಿ ಅತ್ತಳು. ದೊನ್ಯಾ ತೊಮಾಸಾ ಅವಳ ತಲೆಯನ್ನು ತಮ್ಮ ಪುಟ್ಟ ಭುಜಕ್ಕೆ ಒತ್ತಿಕೊಂಡರು. ಎದುರಿನವರೊಬ್ಬರು ಅವಳ ಸೂಟ್‌ಕೇಸನ್ನು ತಮ್ಮ ಕಾಲ ಮೇಲೆ ಎಳೆದುಕೊಂಡರು. ಇನ್ನೊಬ್ಬರು ನೀರಿನ ಬಾಟಲು ಕೊಟ್ಟರು. ಸುಮ್ಮನಿರು ಎಂದು ಯಾರೂ ಅನ್ನಲಿಲ್ಲ. ಟರ್ಕಿ ಕೋಳಿ ಕೂಡ ತೆಪ್ಪಗಿತ್ತು. ನಾನು ಒಳಗೆ ನುಗ್ಗಿ ಅವಳ ಹತ್ತಿರ ಹೋಗಬೇಕೆಂದು ಒದ್ದಾಡಿದೆ. ಕಾಲಿಡಲು ಎಲ್ಲೂ ಸಂದಿಲ್ಲ. ಮಸುಂತೆ ಬರುವವರೆಗೂ ಕಂಬಿ ಹಿಡಿದು ನೇತಾಡುತ್ತ ನನ್ನ ಹೆಂಡತಿ ಅಳುವುದನ್ನು ನೋಡಿದೆ. ಧೂಳು ಬಿದ್ದು ನನ್ನ ಕಣ್ಣಲ್ಲೂ ನೀರು ಬಂತು ಎಂದು ಬರೆದರೆ ನೀವು ನಂಬುವುದಿಲ್ಲ, ಬಿಡಿ.

ಸಂಜೆ ನಾಲ್ಕಕ್ಕೆ ನಾವಿಳಿದ ಮನೆಯ ಮುಂದೆ ಹತ್ತು ಜನ ಕೂರುವ ಬಿಳಿ ವ್ಯಾನು ಬಂದು ನಿಂತಿತು. ಹಳದಿ ಅಂಗಿಯ ಫ್ಲೊರಿನಾ! ಜಗಳಕ್ಕೇ ಬಂದರೆಂದುಕೊಂಡೆ. ನ್ಯಾಯವಾಗಿ ಬೈಯಬೇಕಾದವರು ಅವರೇ ತಾನೆ? ಅವರು ಕಂಕುಳಿಂದ ಒಂದು ಬೋರ್ಡು ತೆಗೆದರು.

“ಸುಖವಾಗಿ ಬಂದು ಸೇರಿದ್ರಾ ಅಂತ ನೋಡ್ಕೊಂಡು ಹೋಗೋಣ ಅನ್ನಿಸ್ತು ಮೇಷ್ಟ್ರೇ. ಇದನ್ನೂ ಕೊಟ್ಟುಬಿಡ್ತೀನಿ. ನೀವು ಕಳಿಸಿದ ಬಿರುದೆಲ್ಲ ಬರೆಯೋಕೆ ಅರ್ಧ ಗಂಟೆ ಹಿಡೀತು, ಎಸೆಯೋಕೆ ಮನಸ್ಸು ಬರಲಿಲ್ಲ.”

ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ‘ಪ್ರೊಫೆಸರ್ ಎರಿಬೆರ್ತೊ ಸಾಲ್ಗಾದೊ, ಭೂಗೋಳ ತಜ್ಞರು, ಸಪತ್ನೀಕ.’

ಅಂಪಾರೊ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ನಕ್ಕಳು ನೋಡಿ! ಬಿಕ್ಕಳಿಕೆ ಬರುವವರೆಗೆ, ಕುರ್ಚಿಯ ತೋಳು ಹಿಡಿದುಕೊಳ್ಳುವವರೆಗೆ ನಕ್ಕಳು. ಫ್ಲೊರಿನಾ ನೀರು ತಂದುಕೊಟ್ಟರು. ನಾನು ಕ್ಷಮೆ ಕೇಳಿದೆ, ಇಬ್ಬರಲ್ಲೂ.

“ಒಂದು ಒಳ್ಳೇ ಖಾಸಗಿ ಗಾಡೀಲಿ ನಿನ್ನ ಕರ್ಕೊಂಡು ಬರಬೇಕು ಅಂತಿದ್ದೆ ಅಂಪಾರೊ. ಗಲಾಟೆ ಇಲ್ಲದ ಹಾಗೆ, ನಾವಿಬ್ಬರೇ...”

ಅವಳು ಕಣ್ಣೊರೆಸಿಕೊಂಡಳು. “ಹನ್ನೊಂದು ವರ್ಷ ಆ ಕೋಣೇಲಿ ಖಾಸಗಿಯಾಗೇ ಇದ್ದೆನಲ್ಲ ಬೆತೊ. ನಂಗೆ ಜನ ಬೇಕಿತ್ತು.”

ಆ ಕೋಣೆಗೂ ನನ್ನ ಓದುವ ಮೇಜಿಗೂ ನಡುವೆ ಹದಿನಾಲ್ಕು ಹೆಜ್ಜೆ ಅಂತರ. ದೇಶದೇಶಗಳ ದೂರ ಬಾಯಿಪಾಠ ಇರುವ ನಾನು ಆ ಹದಿನಾಲ್ಕನ್ನು ದಿನಕ್ಕೆ ಎಷ್ಟು ಸಲ ನಡೆದಿದ್ದೆ?

ಮಾರನೆಯ ದಿನದಿಂದ ಅಂಪಾರೊ ನನ್ನ ಕೈಗೆ ಸಿಗಲಿಲ್ಲ. ದೊನ್ಯಾ ತೊಮಾಸಾ ದಡದ ಹತ್ತಿರ ಮೀನಿನ ಸಾರು ಮಾರುತ್ತಿದ್ದರು. ಇವಳು ಬೆಳಗಾದರೆ ಅಲ್ಲಿ ಹಾಜರು. ಒಂದು ದಿನ ಹೋಗಿ ನೋಡುತ್ತೇನೆ, ಟೊಮೇಟೊ ಹೆಚ್ಚುತ್ತ ಕೂತಿದ್ದಾಳೆ, ಸುತ್ತ ಏಳೆಂಟು ಹೆಂಗಸರು, ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದಾರೆ.

“ಅಂಪಾರೊ! ನೀನು ಕೆಲಸ ಮಾಡಬಾರದು ಅಂತ ಹೇಳಿರಲಿಲ್ವಾ?”

“ಇದು ಕೆಲಸ ಅಂತ ನಿಂಗೆ ಯಾರು ಹೇಳಿದ್ದು? ಹೋಗು, ಈಜು ಹೋಗು.”

ನನಗೆ ಈಜು ಬರುವುದಿಲ್ಲ. ಸಾಗರಗಳ ಆಳ ಮಾತ್ರ ಗೊತ್ತು. ಮೊಣಕಾಲುದ್ದ ನೀರಿನಲ್ಲಿ ನಿಂತು ಬಂದೆ.

ಭಾನುವಾರ ಬಂತು. ಮರುದಿನ ನನ್ನ ಶಾಲೆ ಶುರು. ಈ ಸಲ ಫ್ಲೊರಿನಾರನ್ನು ಗೊತ್ತುಮಾಡಿದವಳು ಅಂಪಾರೊ, ಆದ್ದರಿಂದ ವ್ಯಾನು ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಬಂತು. ನನ್ನ ಎರಡು ಸೂಟ್‌ಕೇಸು ಹತ್ತಿಸಿದೆ. ಮೂರನೆಯದು ಕಾಣಲಿಲ್ಲ.

“ನಿನ್ನದೆಲ್ಲಿ?”

“ಒಳಗೇ ಇದೆ. ನಾನು ಇನ್ನೂ ಹದಿನೈದು ದಿನ ಇರ್ತೀನಿ ಬೆತೊ. ದೊನ್ಯಾ ತೊಮಾಸಾ ಮನೇಲಿ ಒಂದು ಮಂಚ ಖಾಲಿ ಇದೆ.”

“ಮತ್ತೆ... ಕಾಫಿ?”

ಹೌದು, ನನ್ನ ಬಾಯಿಂದ ಬಂದದ್ದು ಅದೇ ಮಾತು! ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

“ಡಬ್ಬ ಒಲೆ ಪಕ್ಕದ ಕಪಾಟಲ್ಲಿದೆ. ಎರಡನೇ ಖಾನೆ. ನಕ್ಷೆ ಬರೆದುಕೊಡಲಾ?”

ಕೆನ್ನೆಗೆ ಮುತ್ತಿಟ್ಟು, ವ್ಯಾನಿನ ಬಾಗಿಲು ತಾನೇ ಎಳೆದು ಮುಚ್ಚಿದಳು. ತಂಪು ಗಾಳಿ ಬೀಸಿತು. ಗದ್ದಲವಿಲ್ಲ. ಹಿಂದೆ ಮುಂದೆ ಸೀಟುಗಳೆಲ್ಲ ಖಾಲಿ. ನಾನು ಕನಸು ಕಂಡ ಖಾಸಗಿ ಪ್ರಯಾಣ ಕೊನೆಗೂ ಅಕ್ಷರಶಃ ಸಿಕ್ಕಿತು!

ಮೂರು ಕಿಲೋಮೀಟರು ತಡೆದುಕೊಂಡೆ. ರಸ್ತೆ ಬದಿಯಲ್ಲಿ ಟ್ರಕ್ಕಿಗೆ ಕಾಯುತ್ತಿದ್ದವರು ಕಂಡರು.

“ಫ್ಲೊರಿನಾ ಅವರೇ, ಅವರನ್ನೂ ಹತ್ತಿಸ್ಕೊಳ್ಳಿ.”

“ಇದು ಖಾಸಗಿ ಅಲ್ವಾ ಮೇಷ್ಟ್ರೇ?”

“ಹತ್ತಿಸಿ ತಾಯಿ, ದಮ್ಮಯ್ಯ!”

ಆರು ಜನ ಹತ್ತಿದರು. ಪಕ್ಕದಲ್ಲಿ ಕೂತ ಅಜ್ಜಿ ಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಒಬ್ಬರೇ ಬಂದಿದ್ದಾ? ಮನೆಯವರು ಇಲ್ವಾ?”

“ಇದಾಳೆ ಅಜ್ಜಿ. ರಜೆ ಮೇಲಿದಾಳೆ.”

“ಪಾಪ, ಯಾವ ಕೆಲಸದಿಂದಪ್ಪಾ?”

“ನನ್ನಿಂದ” ಎಂದೆ.