ಶಿವಯೋಗೆಪ್ಪನ ಒದ್ದೆ ಪೊರೆ

ಗಾಜಿನ ಬೋಗುಣಿಯಲ್ಲಿ ನೀರಿತ್ತು, ನೀರೊಳಗಿನ ಪೊರೆ ಇರಲಿಲ್ಲ. ಆಗತಾನೆ ಕಾಲೇಜಿನಿಂದ ಬಂದ ಶಿವಯೋಗೆಪ್ಪ ಬೋಗುಣಿಯನ್ನು ಬೆಳಕಿಗೆ ಹಿಡಿದು ನೋಡಿದ, ನೆಲಕ್ಕೆ ಬಗ್ಗಿ ನೋಡಿದ, ಕಡೆಗೆ ಮನೆಯ ಒಡತಿ ಕಾಳವ್ವನನ್ನು ಕೂಗಿದ.

“ಅದಾ? ಪಾಪ, ಮಾಸ್ತರ ಹಪ್ಪಳ ನೀರಾಗ ಬಿದ್ದೈತಿ ಅಂತ ತಗದು ಮಾಳಗಿ ಮ್ಯಾಲ ಬಿಸಲಿಗೆ ಹಾಕಿದ್ನಿರಿ” ಎಂದಳು ಕಾಳವ್ವ, ದೊಡ್ಡ ಉಪಕಾರ ಮಾಡಿದವರ ದನಿಯಲ್ಲಿ.

ಶಿವಯೋಗೆಪ್ಪ ವಿಜಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಅಮೇರಿಕದವರು ಆಕಾಶನೌಕೆಯೊಳಗೆ ಜಲಜನಕ, ಆಮ್ಲಜನಕ ಕೂಡಿಸಿ ವಿದ್ಯುತ್ತು ತೆಗೆಯುತ್ತಾರೆಂದು ಓದಿದಾಗಿನಿಂದ ಅವನಿಗೆ ಬೇರೆ ಧ್ಯಾನವೇ ಇರಲಿಲ್ಲ. ಎರಡು ಅನಿಲಗಳ ನಡುವೆ ಒಂದು ಪ್ಲಾಸ್ಟಿಕ್ ಪೊರೆ. ಅದು ಪ್ರೋಟಾನನ್ನು ಮಾತ್ರ ದಾಟಿಸಬೇಕು. ಎಲೆಕ್ಟ್ರಾನು ತಂತಿಯಲ್ಲಿ ಸುತ್ತುಹಾಕಿ ಬರಬೇಕು. ಅದೇ ವಿದ್ಯುತ್ತು. ಅವನು ಮಾಡಿದ ಪೊರೆಗಳೆಲ್ಲ ಒಣಗಿದೊಡನೆ ಸೀಳುತ್ತಿದ್ದವು. ಈ ಸಲ ಒಳಗೆ ತೆಳುವಾದ ಅರಿವೆ ಸೇರಿಸಿ ಗಟ್ಟಿ ಮಾಡಿದ್ದ. ಮಧ್ಯಾಹ್ನ ಧಾರವಾಡದ ಪ್ರೊಫೆಸರ್ ಅಮೋಘಿ ಅದನ್ನು ನೋಡಲು ಬರುವವರಿದ್ದರು. ಮೆಚ್ಚಿದರೆ ಸಂಶೋಧನೆಗೆ ಸೇರಿಸಿಕೊಳ್ಳುತ್ತಾರೆ. ಇಲ್ಲವಾದರೆ ಹುಡುಗರು ಬಳಸಿದ ಗಾಜಿನ ಕೊಳವೆ ತೊಳೆಯುವುದರಲ್ಲೇ ಜನ್ಮ ಸವೆಯಬೇಕು.

ಮಾಳಿಗೆಗೆ ಓಡಿದ. ಬರೀ ಚಾಪೆ ಇತ್ತು.

“ನಮ್ಮವೂ ಒಣಗಿದ್ವು. ಎಲ್ಲಾ ಕೂಡಿಸಿ ನಮ್ಮ ಆಳು ತುಕಾರಾಮನ ಕೈಲೆ ಟಿಕೋಟಾಕ್ಕ ಮಗಳಿಗೆ ಕಳಿಸೇನ್ರಿ” ಎಂದಳು ಕಾಳವ್ವ.

ಎದುರುಮನೆಯ ಬುಡ್ಡೇಸಾಬ ಆಗಲೇ ಟಾಂಗಾ ಹೂಡಿ ನಿಂತಿದ್ದ. “ಹತ್ರಿ ಮಾಸ್ತರ, ಬಸ್ ಹಿಡಸ್ತೇನಿ.” ಹಿಡಿಸಿದ, ಆದರೆ ಸಿದ್ಧೇಶ್ವರ ಗುಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ ಗುರುತಿನವರು ಕಂಡಲ್ಲೆಲ್ಲ ಟಾಂಗಾ ನಿಲ್ಲಿಸಿ, “ಮಾಸ್ತರ ಹಪ್ಪಳ ಕಳದೈತಿ” ಎಂದು ಸಾರಿದ. ಎಲ್ಲರೂ ಮರುಗಿದರು. ಕಂಡಕ್ಟರನೂ ಮರುಗಿದ.

ಟಿಕೋಟಾದಲ್ಲಿ ಕಾಳವ್ವನ ಮಗಳು ಅಕ್ಕನಾಗಮ್ಮ ವಿಷಯ ಕೇಳಿ ಕಣ್ಣಿಗೆ ಸೆರಗು ಹಚ್ಚಿದಳು. “ತವರಮನಿ ಹಪ್ಪಳ ತಿರುಗಿ ಒಯ್ಯಾಕ ಮಂದಿ ಕಳಿಸ್ಯಾಳೇನ್ರಿ ನಮ್ಮವ್ವ?”

ಅವಳ ಅತ್ತೆ ತಿಪ್ಪವ್ವ ಬುಟ್ಟಿಯನ್ನೇ ತಂದು ಅಂಗಳದಲ್ಲಿ ಕುಕ್ಕಿದಳು. “ಒಯ್ಯೋ ಯಪ್ಪಾ, ಎಲ್ಲಾ ಒಯ್ಯಿ! ಹಪ್ಪಳ ತಿಂದೇ ಬದುಕಿಲ್ಲ ನಾವು.”

ಓಣಿಯ ಹೆಂಗಸರು ಸುತ್ತ ನೆರೆದರು. ಅವರ ನಡುವೆ ಕುಕ್ಕುರುಗಾಲಲ್ಲಿ ಕೂತು ಶಿವಯೋಗೆಪ್ಪ, ಖೊಟ್ಟಿ ನೋಟು ಹುಡುಕುವ ಬ್ಯಾಂಕಿನವನ ಹಾಗೆ, ಒಂದೊಂದೇ ಹಪ್ಪಳವನ್ನು ಬಿಸಿಲಿಗೆ ಹಿಡಿದ. ಬುಟ್ಟಿಯ ತಳದಲ್ಲಿ ಒಂದು ಸಿಕ್ಕಿತು. ಅದರೊಳಗೆ ಅರಿವೆಯ ಎಳೆ ಸ್ಪಷ್ಟವಾಗಿ ಕಾಣುತ್ತಿತ್ತು. ಎದೆಗವಚಿಕೊಂಡು ಬಸ್ಸಿಗೆ ಓಡಿದ.

ಪ್ರೊಫೆಸರು ಪ್ರಯೋಗಾಲಯದಲ್ಲಿ ಗಡಿಯಾರ ನೋಡುತ್ತ ಕೂತಿದ್ದರು. ಶಿವಯೋಗೆಪ್ಪ ಒಣಗಿದ್ದನ್ನು ತೆಳು ಆಮ್ಲದಲ್ಲಿ ನೆನೆಸಿದ, ಎರಡು ಪ್ಲಾಟಿನಂ ಜಾಳಿಗೆಗಳ ನಡುವೆ ಬಿಗಿದ, ಅನಿಲ ಬಿಟ್ಟ. ಮಾಪಕದ ಮುಳ್ಳು ಅಲುಗಲಿಲ್ಲ. ಆಮೇಲೆ ಮುಳ್ಳು ಮೆಲ್ಲಗೆ ಎದ್ದಿತು, ಅವನ ಯಾವ ಪೊರೆಯೂ ಮುಟ್ಟದಿದ್ದ ಕಡೆ ಹೋಗಿ ನಿಂತಿತು.

ಪ್ರೊಫೆಸರು ಚಷ್ಮಾ ತೆಗೆದು ಒರೆಸಿಕೊಂಡರು. “ಪ್ರೋಟಾನು ಹಿಂಗ ದಾಟಿಸೋ ಪೊರೆ ನಾ ನೋಡಿಲ್ಲ. ಮುಂದಿನ ತಿಂಗಳು ಧಾರವಾಡಕ್ಕ ಬರ್ರಿ. ನನ್ನ ಕಣ್ಣ ಮುಂದ ಇಂಥಾದ್ದ ಇನ್ನೊಂದ ಮಾಡಿ ತೋರಸ್ರಿ. ಜಾಗಾ ನಿಮ್ಮದು.” ಪೊರೆಯನ್ನು ಬಾಟಲಿಯಲ್ಲಿ ಹಾಕಿಸಿಕೊಂಡು ಸಂಜೆಯ ಗಾಡಿಗೆ ಹೊರಟುಹೋದರು.

ಆ ದಿನದ ಮೊದಲ ತುತ್ತನ್ನು ಶಿವಯೋಗೆಪ್ಪ ಬಾಯಿಗಿಡುವಾಗ ಕಾಳವ್ವ ಬಾಗಿಲಿಗೆ ಬಂದಳು.

“ಸಿಟ್ಟಾಗಬ್ಯಾಡ್ರಿ ಮಾಸ್ತರ. ನಿಮ್ಮ ಹಪ್ಪಳ, ಮನಿಗಂತ ತಗದಿಟ್ಟಿದ್ದರಾಗ ಸೇರಿ ನಮ್ಮ ಡಬ್ಬ್ಯಾಗ ಉಳದಿತ್ತು. ಎಣ್ಣ್ಯಾಗ ಬಿಟ್ಟೆ, ಉಬ್ಬಲಿಲ್ಲ. ಕರೇ ಹೊಗಿ ಬಂತು, ಕರಗಿ ಮುದ್ದಿ ಆತು. ಏನ ಹಿಟ್ಟು ಹಾಕಿದ್ರಿ?”

“ಮತ್ತ ಟಿಕೋಟಾದಾಗ ಸಿಕ್ಕದ್ದು? ಅದರಾಗ ಅರಿವಿ ಇತ್ತಲ್ಲ?”

“ಅದು ನಂದ್ರಿ. ಸಾಬುದಾಣಿ ಹಪ್ಪಳ. ಒಣಹಾಕಿದ ಅರಿವಿ ಬಿಡವಲ್ದಾತು, ಅರಿವಿ ಸಮೇತ ಕತ್ತರಿಸಿ ಕಳಿಸಿದ್ದೆ. ಮಗಳು ನೀರು ಹಚ್ಚಿ ಬಿಡಿಸಿಕೊಳ್ಳಲಿ ಅಂತ.”

ಶಿವಯೋಗೆಪ್ಪನ ಕೈಯೊಳಗಿನ ತುತ್ತು ತಾಟಿಗಿಳಿಯಿತು. ಧಾರವಾಡದ ಗಾಡಿ ಹೋಗಿ ಬಹಳ ಹೊತ್ತಾಗಿತ್ತು. ಕಾಳವ್ವ ಹೆದರಿ ನಿಂತೇ ಇದ್ದಳು. ಅವನು ಎದ್ದು, ಅವಳಿಗೊಂದು ಮಣೆ ಹಾಕಿ, ಎದುರಿಗೆ ಕೈಕಟ್ಟಿ ಕೂತು ಕೇಳಿದ:

“ಕಾಳವ್ವಾರ, ಸಾಬುದಾಣಿ ಎಷ್ಟೊತ್ತು ನೆನಿ ಇಡತೀರಿ?”