ನಲವತ್ತೆಂಟು ಗುಂಡಿ, ಒಂದೇ ಸ್ವರ

ಮನುಷ್ಯನಿಗೆ ದೊಡ್ಡತನ ಬರಲು ಎರಡೇ ದಾರಿ ಎಂದು ನಾನು ತಿಳಿದಿದ್ದೇನೆ. ಒಂದು, ಚೆನ್ನಾಗಿ ಓದಬೇಕು. ಇನ್ನೊಂದು, ಮೊಮ್ಮಕ್ಕಳಾಗಬೇಕು. ಮೊದಲನೆಯ ದಾರಿಯಲ್ಲಿ ನನ್ನ ಪ್ರಯಾಣ ಇಳಕಲ್ಲಿನ ಸಾಲೆಯ ಮೂರನೇ ಇಯತ್ತೆಗೇ ಮುಗಿಯಿತು. ಮಾಸ್ತರರು ನಮ್ಮಪ್ಪನನ್ನು ಕರೆಸಿ, “ಈ ಹುಡುಗನ್ನ ಮಗ್ಗಕ್ಕ ಕುಂದರಸ್ರಿ, ಅವಗೂ ಸುಖ, ನನಗೂ ಸುಖ” ಎಂದರಂತೆ. ಎರಡನೆಯದರಲ್ಲಿ ಮಾತ್ರ ನಾನು ಏನೂ ಕಷ್ಟಪಡದೆ ಪಾಸಾದೆ. ಕಷ್ಟವೆಲ್ಲ ಮಗಳು ಶಾಂತಾಳದು, ಊರ ತುಂಬ ಸಕ್ಕರೆ ಹಂಚಿ ಎದೆ ಉಬ್ಬಿಸಿಕೊಂಡು ತಿರುಗಿದವನು ನಾನು. ಮೊಮ್ಮಗಳ ಸುದ್ದಿ ತೆಗೆದರೆ ಓದುವವರು ಎದ್ದು ಹೋಗುತ್ತಾರೆ ಎಂದು ನನ್ನ ಹೆಂಡತಿ ಗುರವ್ವ ಎಚ್ಚರಿಸಿದ್ದಾಳೆ. ಆದ್ದರಿಂದ ನನ್ನ ಪೆಟ್ಟಿಗೆಯ ಸುದ್ದಿ ಹೇಳುತ್ತೇನೆ. ನಡುವೆ ಮೊಮ್ಮಗಳು ಬಂದರೆ ಅದು ನನ್ನ ತಪ್ಪಲ್ಲ.

ಪೆಟ್ಟಿಗೆಯ ಹೆಸರು ಕಾನ್ಸರ್ಟೀನಾ. ಅದರಲ್ಲೂ ಬ್ಯಾರಿಟೋನ್ ಎಂಬ ಜಾತಿಯದು, ಅಂದರೆ ದಪ್ಪ ದನಿಯದು. ಆರು ಮೂಲೆ, ಎರಡೂ ತುದಿಗೆ ಜಾಳಿಗೆಯಂತೆ ಕೊರೆದ ಮರ, ನಡುವೆ ಮಡಿಕೆ ಮಡಿಕೆಯಾದ ಚರ್ಮದ ತಿದಿ. ಒಂದೊಂದು ಕಡೆಗೆ ಇಪ್ಪತ್ತನಾಲ್ಕರಂತೆ ಎಲುಬಿನ ಗುಂಡಿಗಳು. ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತ ದೂಡುತ್ತ ಗುಂಡಿ ಒತ್ತಬೇಕು. ಒಂದು ಸ್ವರ ಎಡಗೈಯಲ್ಲಿದ್ದರೆ ಅದರ ಮುಂದಿನದು ಬಲಗೈಯಲ್ಲಿ, ಅದರ ಮುಂದಿನದು ಮತ್ತೆ ಎಡಗೈಯಲ್ಲಿ. ಬೇರೆಯವರಿಗೆ ಇದು ತಲೆನೋವು. ನಲವತ್ತು ವರ್ಷ ಲಾಳಿಯನ್ನು ಆ ಕೈಯಿಂದ ಈ ಕೈಗೆ ಓಡಿಸಿದ ನೇಕಾರನಿಗೆ ಇದು ಮನೆಯ ಕೆಲಸವೇ. ಒಂದೇ ತೊಂದರೆ, ದಪ್ಪ ದನಿಯದಾದ್ದರಿಂದ ಗುಂಡಿ ಒತ್ತಿದ ಮೇಲೆ ಸ್ವರ ತುಸು ತಡೆದು ಬರುತ್ತದೆ, ಕಚೇರಿಗೆ ಕೊಟ್ಟ ಅರ್ಜಿಯ ಉತ್ತರದ ಹಾಗೆ. ಬರುತ್ತದೆ ಎಂಬ ನಂಬಿಕೆ ಇಟ್ಟುಕೊಂಡು ಮುಂದಿನ ಗುಂಡಿಗೆ ಹೋಗಬೇಕು.

ಇದು ನನಗೆ ಸಿಕ್ಕಿದ್ದು ಬಾದಾಮಿ ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ. ಸೀರೆ ಗಂಟು ಹೊತ್ತುಕೊಂಡು ಮಾರಲು ಹೋಗಿದ್ದೆ. ಅಲ್ಲೊಬ್ಬ ಮುದಿ ಆಂಗ್ಲೋ-ಇಂಡಿಯನ್ ಗಾರ್ಡ್ ಸಾಹೇಬರು ನೌಕರಿ ಮುಗಿಸಿ ಸಾಮಾನು ಕಟ್ಟುತ್ತಿದ್ದರು. ಅವರ ಅಜ್ಜನ ಕಾಲದ ಪೆಟ್ಟಿಗೆಯಂತೆ. ಮೇಮಸಾಹೇಬರಿಗೆ ನನ್ನ ಒಂದು ಸೀರೆ ಮನಸ್ಸಿಗೆ ಬಂತು, ಸಾಹೇಬರಿಗೆ ಪೆಟ್ಟಿಗೆಯ ಭಾರ ಇಳಿಸಬೇಕಿತ್ತು, ಅದಲು ಬದಲು ಆಯಿತು. ಹೊರಡುವಾಗ ನೋಡುತ್ತೇನೆ, ಮೇಮಸಾಹೇಬರು ನಾನು ಹದಿನೈದು ದಿನ ಕಣ್ಣು ಕೂಡಿಸಿ ನೇಯ್ದ ಸೀರೆಯನ್ನು ಕಿಟಕಿಗೆ ಹಿಡಿದು ಪರದೆಗೆ ಉದ್ದ ಸಾಲುತ್ತದೆಯೋ ಎಂದು ಅಳೆಯುತ್ತಿದ್ದಾರೆ. ತಿಳಿಯದವರ ಕೈಗೆ ಒಳ್ಳೆಯ ವಸ್ತು ಹೋದರೆ ಹೀಗೇ ಎಂದು ದಾರಿಯುದ್ದಕ್ಕೂ ಮರುಗಿದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಮನೆಯಲ್ಲಿ ಮೊದಲ ದಿನ ಬಾರಿಸಿದಾಗ ಪಕ್ಕದ ಮನೆಯ ಚನ್ನಪ್ಪ ಓಡಿ ಬಂದ. “ಸಂಗಣ್ಣ, ಎಮ್ಮಿ ಯಾವಾಗಿಂದ ನರಳಾಕತ್ತೈತಿ? ದನದ ಡಾಕ್ಟರಿಗೆ ಹೇಳಿ ಕಳಸ್ಲೇನು?”

“ಎಮ್ಮಿ ಅಲ್ಲೋ, ನಾ ಬಾರಸಾಕತ್ತೇನಿ.”

“ಹಂಗಾರ ಮನಷ್ಯಾರ ಡಾಕ್ಟರಿಗೇ ಹೇಳ್ತೇನಿ ಬಿಡು.”

ಗುರವ್ವನದು ಬೇರೆ ರೀತಿ. ಆಗ ರೇಡಿಯೋಕ್ಕೂ ಲೈಸೆನ್ಸು ಬೇಕಿದ್ದ ಕಾಲ. “ಟಪಾಲ ಕಚೇರ್ಯಾಗ ಇದಕ್ಕೂ ಲೈಸೆನ್ಸ ಕೇಳ್ತಾರೇನ್ರಿ?” ಎಂದಳು. ಇಲ್ಲ ಎಂದೆ. “ಕೇಳಬೇಕಾಗಿತ್ತು” ಎಂದು ರೊಟ್ಟಿ ಬಡಿಯಲು ಹೋದಳು. ಅದಕ್ಕಿಂತ ದೊಡ್ಡ ತಕರಾರು ತಿದಿಯ ಚರ್ಮದ್ದು. ದೇವರ ಜಗಲಿ ಇರುವ ಪಡಸಾಲೆಗೆ ಚರ್ಮದ ಪೆಟ್ಟಿಗೆ ಬರಕೂಡದು. ಹೀಗಾಗಿ ಬಿಲಾಯತಿಯ ವಾದ್ಯ ನಮ್ಮ ಮನೆಯಲ್ಲಿ ಎಮ್ಮೆಯ ಕೊಟ್ಟಿಗೆಯೊಳಗೆ ಹಿಂಡಿಯ ಚೀಲದ ಮಗ್ಗುಲಲ್ಲಿ ವಾಸಮಾಡಿತು, ನಾನು ಅದರ ಮಗ್ಗುಲಲ್ಲಿ.

ಶಾಂತಾ ಬಾಣಂತನಕ್ಕೆಂದು ತವರಿಗೆ ಬಂದಾಗಲೇ ನಾನು ನಿಶ್ಚಯ ಮಾಡಿದ್ದೆ, ಕೂಸಿನ ತೊಟ್ಟಿಲ ದಿನ ಹೆಂಗಸರ ಜೋಗುಳಕ್ಕೆ ನಾನೇ ಬಾರಿಸಬೇಕು. ನಾಲ್ಕು ತಿಂಗಳು ಒಂದೇ ಜೋಗುಳ ಕಲಿತೆ. ಎಮ್ಮೆ ಹಾಲು ಕಡಿಮೆ ಮಾಡಿತು, ನಾನು ಬಿಡಲಿಲ್ಲ. ಹೆಣ್ಣು ಕೂಸು ಹುಟ್ಟಿತು. ಅಂಥ ಮೂಗು ಹುನಗುಂದ ತಾಲೂಕಿನಲ್ಲೇ ಇಲ್ಲ, ಇರಲಿ. ಗುರವ್ವ ನನ್ನ ಆಸೆಗೆ ಒಪ್ಪಿದಳು, ಆದರೆ ಒಂದು ಕರಾರು ಹಾಕಿ. “ಪೆಟಗಿ ಪಡಸಾಲಿಗೆ ಬರೋದಾದ್ರ ಮಡಿಯಾಗಿ ಬರಬೇಕು. ಬಂದಮ್ಯಾಲ ಅದರ ದನಿಗೆ ನನ್ನ ಕೂಸು ಒಂದ ಸಲ ಚೀರಿದ್ರೂ ಸೈತ, ಅದನ್ನ ಹಗೇವಿನಾಗ ಹಾಕಿ ಮ್ಯಾಲ ಕಲ್ಲಬಂಡಿ ಎಳಸ್ತೇನಿ.” ಹಗೇವು ಎಂದರೆ ನಮ್ಮ ಜೋಳ ತುಂಬುವ ನೆಲದ ಗುಂಡಿ. ಅವಳು ಅಂದದ್ದನ್ನು ಮಾಡುವವಳು.

ಮಡಿಯಾಗಬೇಕಲ್ಲ. ತೊಟ್ಟಿಲಿಗೆ ಎಂಟು ದಿನ ಮೊದಲು ಮಹಾನವಮಿ ಬಂತು. ಮಗ್ಗಕ್ಕೆ, ಲಾಳಿಗೆ ಪೂಜೆ ಮಾಡುವಾಗ ಪೆಟ್ಟಿಗೆಯನ್ನೂ ಕೂರಿಸಿದೆ. ವಿಭೂತಿ ಕಲಸಿ, ಎರಡೂ ಕಡೆ ಮೂರು ಬೆರಳಿನ ಪಟ್ಟೆ ಎಳೆದೆ. ಭಕ್ತಿ ಹೆಚ್ಚಾಗಿ ಒಂದೊಂದು ಗುಂಡಿಗೂ ಬೇರೆ ಬೇರೆ ಹಚ್ಚಿದೆ. ಗುರವ್ವ ಕೂಡ ಮೆಚ್ಚಿದಳು. ಮರುದಿನ ಎಳೆದರೆ ಗುಂಡಿಗಳೆಲ್ಲ ಗಾರೆಯಲ್ಲಿ ಸಿಕ್ಕ ಕಲ್ಲಿನಂತೆ ಗಟ್ಟಿ. ಒಂದು ಮಾತ್ರ, ಎಲ್ಲಕ್ಕಿಂತ ದಪ್ಪ ಸ್ವರದ್ದು, ಒತ್ತಿದಂತೆಯೇ ಕೂತುಬಿಟ್ಟಿತ್ತು. ಎಳೆದರೂ ‘ಭೋಂ’, ದೂಡಿದರೂ ‘ಭೋಂ’.

ಬಾಗಲಕೋಟೆಯ ಹಾರ್ಮೋನಿಯಂ ರಿಪೇರಿಯ ಮಸ್ತಾನಸಾಬರ ಹತ್ತಿರ ಓಡಿದೆ. ಅವರು ಮುಚ್ಚಳ ಬಿಚ್ಚಿ, ಕನ್ನಡಕ ಏರಿಸಿ, ಬಹಳ ಹೊತ್ತು ಒಳಗೆ ನೋಡಿದರು. “ಸಂಗಣ್ಣ, ಇದಕ್ಕ ಯಾವ ಸ್ವಾಮಿಗೋಳು ದೀಕ್ಷಾ ಕೊಟ್ಟಾರ?”

ಅವರು ಎರಡು ದಿನ ಕೂತು ನಲವತ್ತೇಳು ಗುಂಡಿ ಬಿಡಿಸಿದರು. ದಪ್ಪ ಸ್ವರದ್ದು ಬರಲಿಲ್ಲ. “ಜುಲುಮಿ ಮಾಡಿದ್ರ ಒಳಗಿನ ಕಡ್ಡಿ ಮುರೀತೈತಿ. ಮುರದ್ರ ಬಿಲಾಯತಿಗೇ ಹೋಗಬೇಕು. ನಿಮ್ಮ ಇಳಕಲ್ಲಿಂದ ಬಿಲಾಯತಿಗೆ ಬಸ್ಸು ಎಷ್ಟಕ್ಕೈತಿ?” ಎಂದರು. ನನ್ನ ಮುಖ ನೋಡಿ ಮರುಕ ಬಂದಿರಬೇಕು. “ಇರ್ಲಿ ಬಿಡ್ರಿ. ಹಿಂದ ಒಂದ ಶ್ರುತಿ ಇರಲಿ ಅಂತ ಮಂದಿ ಬೇಡಿ ಹಾಕಸ್ಕೋತಾರ. ನಿಮಗ ಬೇಡದ ಬಂದೈತಿ.”

ತಿರುಗಿ ಬರುವಾಗ ಬಸ್ಸು ಕುಣಿದಾಗಲೆಲ್ಲ ತೊಡೆಯ ಮೇಲಿನ ಚೀಲದಿಂದ ಶ್ರುತಿ ಬಂತು. ಅಮೀನಗಡ ದಾಟಿದ ಮೇಲೆ ಡ್ರೈವರ್ ಬಸ್ಸು ನಿಲ್ಲಿಸಿ, ಇಳಿದು, ಇಂಜಿನ್ ತೆರೆದು ನೋಡಿದ. ಕಂಡಕ್ಟರ್ ಅಡಿಯಲ್ಲಿ ಮಲಗಿ ನೋಡಿದ. ಪ್ರಯಾಣಿಕರೆಲ್ಲ ಬೈದರು. ನಾನೂ ಅವರ ಜೊತೆ ಸೇರಿ ಬೈದೆ.

ತೊಟ್ಟಿಲ ದಿನ ಬಂತು. ಗುಡೂರಿನಿಂದ ಬೀಗರು ಬಂದರು. ಕೂಸಿನ ಸೋದರತ್ತೆ ಕಿವಿಯಲ್ಲಿ ‘ಕುರ್ರ್’ ಎಂದು ಗಿರಿಜಾ ಎಂಬ ಹೆಸರಿಟ್ಟಳು, ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು, ಜೋಗುಳ ಶುರುವಾಯಿತು. ನಾನು ಎಳೆದೆ. ನನ್ನ ನಾಲ್ಕು ತಿಂಗಳ ಜೋಗುಳವೂ ಹೊರಟಿತು, ಅದರ ಕೆಳಗೆ ‘ಭೋಂ’ ಕೂಡ ಹೊರಟಿತು. ಹೆಂಗಸರ ದನಿ ಮಾಳಿಗೆಯ ಮೇಲೆ, ನನ್ನದು ಹಗೇವಿನ ತಳದಲ್ಲಿ. ಒಬ್ಬಳು ನಿಲ್ಲಿಸಿದಳು, ಇನ್ನೊಬ್ಬಳು ನಿಲ್ಲಿಸಿದಳು. ಬೀಗತಿ ಸೆರಗು ಬಾಯಿಗೆ ಹಿಡಿದು, “ಬೀಗರ, ಕೂಸಿಗೆ ದೃಷ್ಟಿ ತಗಿಯಾಕತ್ತೀರೋ, ದೆವ್ವ ಬಿಡಸಾಕತ್ತೀರೋ?” ಎಂದಳು. ಅಷ್ಟರಲ್ಲಿ ಗಿರಿಜಾ ಚೀರಿದಳು. ಸಣ್ಣ ಚೀರಾಟವಲ್ಲ.

ಗುರವ್ವ ಹಗೇವಿನ ಕಡೆ ನೋಡಿದಳು. ನನ್ನ ಬೆರಳು ಗುಂಡಿಯಿಂದ ಎದ್ದುಬಿಟ್ಟವು. ಆದರೆ ತೆರೆದ ತಿದಿಯನ್ನು ಮುಚ್ಚಲೇಬೇಕಲ್ಲ. ಮೆಲ್ಲಗೆ ದೂಡಿದೆ. ಹಾಡಿಲ್ಲ, ಏನಿಲ್ಲ, ಬರೀ ‘ಭೋಂ’. ಕೂಸು ಅಳು ನಿಲ್ಲಿಸಿತು. ಕಣ್ಣು ಎಳೆದುಕೊಂಡು ಹೋದವು. ತಿದಿ ಮುಗಿದು ದನಿ ನಿಂತಿತು, ಕೂಸು ಚೀರಿತು. ಮತ್ತೆ ಎಳೆದೆ, ಸುಮ್ಮನಾಯಿತು. ಬೀಗತಿಗೆ ನಂಬಿಕೆ ಬರಲಿಲ್ಲ. “ನಿಂದರಸ್ರಿ. ಹಂ, ಈಗ ಎಳೀರಿ. ನಿಂದರಸ್ರಿ” ಎಂದು ಹೊಸದಾಗಿ ಹಾಕಿಸಿದ ಕರೆಂಟಿನ ಗುಂಡಿ ಪರೀಕ್ಷೆ ಮಾಡುವವಳಂತೆ ಮೂರು ಸಲ ಮಾಡಿಸಿ ನೋಡಿದಳು. ಕೂಸು ಮಲಗಿತು.

ನಾನು ಗುರವ್ವನ ತೀರ್ಪಿಗೆ ಕಾದೆ. “ಚೀರಿದ್ದು ಹಾಡಿಗೆ, ಪೆಟಗಿಗಲ್ಲ. ಪೆಟಗಿ ಇರ್ಲಿ. ಆದರ ಇನ್ನ ಹಾಡ ಬ್ಯಾಡ. ಬರೇ ಎಳೀರಿ, ದೂಡ್ರಿ” ಎಂದಳು.

ಅಲ್ಲಿಗೆ ನಾನು ಸಂಗೀತಗಾರನಾದೆ. ಅಲ್ಲಿಯವರೆಗೆ ನನ್ನ ಬಾರಿಸುವಿಕೆ ಕೇಳಿದವರೆಲ್ಲ ಎದ್ದು ಹೋದವರು. ಕಣ್ಣು ಮುಚ್ಚಿ ಕೇಳಿದವಳು ಗಿರಿಜಾ ಒಬ್ಬಳೇ. ನಾಲ್ಕು ವರ್ಷ ಎಳೆದೆ, ದೂಡಿದೆ. ಶಾಂತಾ ಗಂಡನ ಮನೆಗೆ ಹೋದ ಮೇಲೆ ಗುಡೂರಿನಿಂದ ವಾರಕ್ಕೊಮ್ಮೆ ಬುಲಾವು ಬರುತ್ತಿತ್ತು: “ಬೀಗರಿಗೆ ಪುರಸೊತ್ತಿಲ್ಲದಿದ್ರ ಇರ್ಲಿ, ಪೆಟಗಿ ಕಳಸ್ರಿ.” ಇಂಥ ಮರ್ಯಾದೆ ಯಾವ ಬೀಗನಿಗೆ ಸಿಕ್ಕಿದೆ?

ಆದರೂ ಕಲಿತ ಹಾಡು ಒಳಗೆ ಕಚಗುಳಿ ಇಡುತ್ತಿತ್ತು. ಗಿರಿಜಾಳಿಗೆ ನಾಲ್ಕು ತುಂಬಿದಾಗ ಮಸ್ತಾನಸಾಬರಿಗೆ ಮುರಿದರೆ ಹಾಕಲು ಎಲ್ಲಿಯೋ ಒಂದು ಹಳೆಯ ಕಡ್ಡಿ ಸಿಕ್ಕಿತು. ಧೈರ್ಯ ಮಾಡಿ ದಪ್ಪ ಗುಂಡಿಯನ್ನು ಬಿಡಿಸಿಯೇಬಿಟ್ಟರು. ನಲವತ್ತೆಂಟೂ ಸರಿ. ಗಿರಿಜಾಳನ್ನು ಎದುರಿಗೆ ಕೂರಿಸಿಕೊಂಡು, ನನ್ನ ಜೋಗುಳವನ್ನು ಮೊದಲಿಂದ ಕೊನೆಯವರೆಗೆ, ಒಂದು ಸ್ವರ ತಪ್ಪದಂತೆ ಬಾರಿಸಿದೆ. ನನ್ನ ಕಣ್ಣಲ್ಲೇ ನೀರು ಬಂತು. ಅವಳು ಗಲ್ಲಕ್ಕೆ ಕೈ ಹಚ್ಚಿ ಪೂರ್ತಿ ಕೇಳಿದಳು, ದೊಡ್ಡವರ ಹಾಗೆ ಒಂದು ಉಸಿರು ಬಿಟ್ಟಳು.

“ಅಜ್ಜಾ, ಪೆಟಗಿ ಕೆಟ್ಟು ಹೋತು. ಮಸ್ತಾನಸಾಬ ಅಜ್ಜಗ ಕೊಟ್ಟು ರಿಪೇರಿ ಮಾಡಸು.”

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿಯನ್ನು ಸ್ವಲ್ಪ ಗಟ್ಟಿಯಾಗಿಯೇ ಕಲಸಿ, ದಪ್ಪ ಸ್ವರದ ಗುಂಡಿಯನ್ನು ಒತ್ತಿ ಹಿಡಿದು ಸುತ್ತಲೂ ಮೆತ್ತುತ್ತಿದ್ದೆ. ಗುರವ್ವ ಬಂದು ನೋಡಿದಳು.

“ಇವತ್ತೇನ್ರಿ ಪೂಜಿ?”

“ಪೂಜಿ ಅಲ್ಲ,” ಎಂದೆ, “ರಿಪೇರಿ.”